ತಾಮ್ರದ ತಗಡಿನಲ್ಲಿ ಉಬ್ಬುಕೆತ್ತನೆ: ಸೊಂಡಿಲ ಹತ್ತಿರ ಬಿರಿಯುತ್ತಿದೆ, ಏನು ಮಾಡಲಿ?

ಕೇಳಿದವರು: ದೇವರಮನೆಗೆ ಅಂಗೈಯಗಲದ ಗಣಪತಿ ಮುಖ ಮಾಡ್ತಿದ್ದೇನೆ. ಅರ್ಧ ಮಿಲಿಮೀಟರ್ ತಾಮ್ರದ ತಗಡು, ಕೆಳಗೆ ಮರಳಿನ ಚೀಲ. ಹಿಂದಿನಿಂದ ಸೊಂಡಿಲು ಎತ್ತುವಾಗ ಬಿರುಕು ಬಿಡುತ್ತೆ, ಗೆರೆಗಳೂ ಮಸುಕಾಗಿವೆ. ಮಾಡಿ ಗೊತ್ತಿರೋರು ಹೇಳಿ.

ಉತ್ತರ 1: ಮೇಡಂ, ದೇವರ ಕವಚ, ಪ್ರಭಾವಳಿ ಮಾಡೋ ಮನೆಯವನು ನಾನು. ತಗಡು ದಪ್ಪ ಸರಿಯಾಗೇ ಇದೆ, ಅದಕ್ಕೆ ಬೆಂಕಿ ಸಾಲದು. ಪೆಟ್ಟು ಬಿದ್ದಷ್ಟೂ ತಾಮ್ರ ಗಡುಸಾಗುತ್ತೆ. ಮೊದಲು ಮಂದವಾಗಿದ್ದ ಸದ್ದು ಟಣ್ ಅನ್ನತೊಡಗುತ್ತೆ, ಉಳಿ ಕೈಯಲ್ಲಿ ಪುಟಿಯುತ್ತೆ. ಅಲ್ಲಿಗೆ ನಿಲ್ಲಿಸಿಬಿಡಿ. ನೆರಳಲ್ಲಿ ಕೂತು ಕಾಯಿಸಿ, ಮಬ್ಬುಗೆಂಪು ಬಂದ ಕೂಡಲೇ ನೀರಿಗೆ ಹಾಕಿ. ಬಿಸಿಲಲ್ಲಿ ಆ ಕೆಂಪು ಕಣ್ಣಿಗೆ ಬೀಳಲ್ಲ, ತಗಡು ಅತಿಯಾಗಿ ಕಾದುಬಿಡುತ್ತೆ. ಕಪ್ಪು ಕಟ್ಟಿದ್ದನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೆಗೀರಿ. ಒಂದು ಮುಖಕ್ಕೆ ಹೀಗೆ ಎಷ್ಟೋ ಸಲ ಕಾಯಿಸಬೇಕಾಗುತ್ತೆ, ಬೇಸರ ಮಾಡ್ಕೋಬೇಡಿ. ಸೊಂಡಿಲಿನ ಎತ್ತರವನ್ನು ಒಂದೇ ಜಾಗದಲ್ಲಿ ಹೊಡೆದು ತರಬೇಡಿ. ಅಗಲವಾದ, ಮೊಂಡು ತುದಿಯ ಉಳಿಯಿಂದ ಸುತ್ತಲಿನ ಲೋಹವನ್ನೂ ಜೊತೆಗೆ ಎಬ್ಬಿಸುತ್ತಾ ಬನ್ನಿ. ಚೂಪು ಉಳಿ ಹಿಂಬದಿಗೆ ಬೇಡವೇ ಬೇಡ.

ಉತ್ತರ 2: ಅಣ್ಣ ಹೇಳಿದ್ದು ನಿಜ. ಗೆರೆ ಮಸುಕಾಗೋದು ಮರಳಿನಿಂದ. ಉಬ್ಬು ಎತ್ತೋಕೆ ಮರಳು ಸಾಕು, ಕಣ್ಣು, ಕಿವಿಯ ಅಂಚಿಗೆ ಅರಗೇ ಬೇಕು. ಅರಗು ಮಾಡೋಕೆ ರಾಳ ಕರಗಿಸಿ, ಜರಡಿ ಹಿಡಿದ ಇಟ್ಟಿಗೆ ಪುಡಿ, ಸ್ವಲ್ಪ ಎಣ್ಣೆ ಸೇರಿಸಿ. ಎಣ್ಣೆ ಹೆಚ್ಚಾದರೆ ಮೆತ್ತಗೆ, ಕಡಿಮೆಯಾದರೆ ಗಟ್ಟಿ. ಬೇಸಿಗೆಯಲ್ಲಿ ಎಣ್ಣೆಗೆ ಕೈ ಬಿಗಿಹಿಡೀರಿ. ಉಬ್ಬಿದ ಕಡೆಯ ಟೊಳ್ಳಿಗೆ ಅರಗು ತುಂಬಿ, ಮಗುಚಿ ಕೂರಿಸಿ, ಮುಂದಿನಿಂದ ಗೆರೆ ತೀಡಿ. ಆಗ ಮುಖಕ್ಕೆ ಕಳೆ ಬರುತ್ತೆ.

ಉತ್ತರ 3: ಒಂದು ಮಾತು ದಯವಿಟ್ಟು ಮರೀಬೇಡಿ. ತಗಡು ಒದ್ದೆ ಇರಬಾರದು, ಅರಗಿನೊಳಗೆ ಗಾಳಿ ಸಿಕ್ಕಿಕೊಳ್ಳಬಾರದು. ಕೊನೆಗೆ ತಗಡನ್ನು ಅರಗಿನಿಂದ ಬಿಡಿಸೋಕೆ ಕಾಯಿಸುವಾಗ ಅರಗು ಸಿಡಿದು ಕಣ್ಣಿಗೆ ಬಂದುಬಿಡುತ್ತೆ. ಕನ್ನಡಕ ಹಾಕಿ, ಕಿಟಕಿ ತೆಗೆದಿಡಿ. ಮೈಸೂರಿಗೆ ಹೋದರೆ ಅರಮನೆಯ ಅಂಬಾವಿಲಾಸದ ಬೆಳ್ಳಿ ಬಾಗಿಲ ಮುಂದೆ ನಿಂತು ನೋಡಿ. ಎದುರಿಂದ ಬೇಡ, ಪಕ್ಕಕ್ಕೆ ಸರಿದು ನೋಡಿ, ಎಲ್ಲಿ ಎಷ್ಟು ಎತ್ತಿದ್ದಾರೆ ಅನ್ನೋದು ತಿಳಿಯುತ್ತೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹಿತ್ತಾಳೆಗೂ ಇದೇ ಕ್ರಮವಾ?

ಉತ್ತರ 1: ಹಿತ್ತಾಳೆ ಇನ್ನೂ ಬೇಗ ಗಡುಸಾಗುತ್ತೆ. ಕೆಂಪಗಿರುವಾಗಲೇ ನೀರಿಗೆ ಹಾಕಿದರೆ ಬಿರಿಯಬಹುದು, ಸ್ವಲ್ಪ ಆರಲು ಬಿಡಿ. ಮೊದಲು ತಾಮ್ರದಲ್ಲೇ ಕೈ ಕುದುರಲಿ ಮೇಡಂ.