ಸಮಸ್ಯಾಪೂರಣ: ಗುಂಡು ಸಿಡಿದೊಡೆ ಮಂದಿ ಚದುರದೆ ಬಂದು ಸೇರಿದರು

ಸಂಚಾಲಕರು, ಮಡಿಕೇರಿ

ಕಾವ್ಯಮಿತ್ರರೇ, ಈ ಸಲದ ಸಮಸ್ಯೆ ಭಾಮಿನಿ ಷಟ್ಪದಿಯ ಕೊನೆಯ ಪಾದ:

ಗುಂಡು ಸಿಡಿದೊಡೆ ಮಂದಿ ಚದುರದೆ ಬಂದು ಸೇರಿದರು

ಗುಂಡಿನ ಸದ್ದಿಗೆ ಲೋಕವೆಲ್ಲ ಓಡುತ್ತದೆ, ಇಲ್ಲಿಯ ಮಂದಿ ಮಾತ್ರ ಬಂದು ಸೇರುತ್ತಾರೆ; ಮೊದಲ ಐದು ಪಾದಗಳನ್ನು ಕಟ್ಟಿ ಈ ವಿರೋಧವನ್ನು ನೀವು ಪರಿಹರಿಸಬೇಕು. 1, 2, 4, 5ನೆಯ ಪಾದಗಳಿಗೆ 14 ಮಾತ್ರೆ, 3ನೆಯದಕ್ಕೆ 21 ಮಾತ್ರೆಯ ಮೇಲೊಂದು ಗುರು; ಮಾತ್ರೆಗಳೆಲ್ಲ ಮೂರು, ನಾಲ್ಕರ ಗಣಗಳಾಗಿ ಬರಬೇಕು. ಪ್ರಾಸಸ್ಥಾನದಲ್ಲಿ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ, ‘ಂಡ’ ತಪ್ಪುವಂತಿಲ್ಲ. ‘ಗುಂಡು’ ಎಂದರೆ ಮದ್ಯವೆಂದು ಜಾಣತನ ತೋರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ‘ಸಿಡಿದೊಡೆ’ ಎಂಬ ಪದ ನಿಮ್ಮ ಕೈ ಹಿಡಿಯುವುದಿಲ್ಲ.

ನಾಪೋಕ್ಲಿನಿಂದ

ಸಂಚಾಲಕರೇ, ನಮ್ಮ ಕಡೆಯವರಿಗೆ ಇದು ಸಮಸ್ಯೆಯೇ ಅಲ್ಲ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ತೋಟ, ಹೊಳೆಗಳಿರುವ ಈ ನಾಡಿನಲ್ಲಿ, ಮಳೆಗಾಲದ ಇರುಳು ಒಬ್ಬೊಬ್ಬರ ಬಾಗಿಲಿಗೂ ಹೋಗಿ ಸುದ್ದಿ ಮುಟ್ಟಿಸುವುದು ಆಗದ ಮಾತಾಗಿದ್ದುದರಿಂದ ಕೋವಿಯೇ ಓಲೆಯಾಯಿತು. ಆದರೆ ಸತ್ತವರು ಯಾರೆಂಬುದನ್ನು ಆ ಓಲೆ ಹೇಳುವುದಿಲ್ಲ. ಕೊಡೆ ಹಿಡಿದು ಹೊರಟವನಿಗೆ ತಿಳಿದಿರುವುದು ದಿಕ್ಕು ಮಾತ್ರ. ಈಗ ಮೊಬೈಲು ಗುಂಡಿಗಿಂತ ಮೊದಲೇ ಹೆಸರು ಹೇಳಿಬಿಡುತ್ತದೆ, ಹೋಗಬೇಕೋ ಬೇಡವೋ ಎಂದು ಯೋಚಿಸಲು ನಮಗೂ ಸಮಯ ಸಿಗುತ್ತದೆ. ನನ್ನ ಪೂರಣ:

ಉಂಡ ಮನೆಯಲಿ ಸಾವು ಬಂದಿರೆ
ಕಂಡು ಹೇಳಲು ಸಮಯವೆಲ್ಲಿದೆ
ಬಂಡೆ ಬೆಟ್ಟವ ದಾಟಿ ತೋಟಕೆ ಜೋಡಿ ದನಿ ಮುಟ್ಟೆ
ಮಂಡೆ ತೋಯುವ ಮಳೆಯ ಮರೆಯುತ
ಕೊಂಡ ಮುನಿಸನು ಬಿಟ್ಟು ಹೊಸಿಲಿಗೆ
ಗುಂಡು ಸಿಡಿದೊಡೆ ಮಂದಿ ಚದುರದೆ ಬಂದು ಸೇರಿದರು

ಪೊನ್ನಂಪೇಟೆಯಿಂದ

ಸಾವೇ ಏಕೆ? ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗಲೂ ಗುಂಡು ಹಾರುತ್ತದೆ. ನಾನು ಹೀಗೆ ಎತ್ತಿಕೊಂಡಿದ್ದೇನೆ:

ತಂಡ ತಂಡದಿ ಗದ್ದೆಗಿಳಿದರು
ಕಂಡು ಹುಣ್ಣಿಮೆ ಬಾನ ಬೆಳಕನು

ಸಂಚಾಲಕರು

ಪೊನ್ನಂಪೇಟೆಯವರ ಎತ್ತುಗಡೆ ಚೆನ್ನಾಗಿದೆ, ಆದರೆ ಮಂದಿ ಗುಂಡಿಗೆ ಮೊದಲೇ ಗದ್ದೆಗಿಳಿದುಬಿಟ್ಟರೆ ಕೊನೆಯ ಪಾದಕ್ಕೆ ಬಂದು ಸೇರುವವರು ಯಾರು? ನಾಪೋಕ್ಲಿನವರ 5ನೆಯ ಪಾದದಲ್ಲಿ ಮುನಿಸನ್ನು ಬಿಟ್ಟು ಹೊಸಿಲಿಗೆ ಬಂದರೆಂದೂ ಮುನಿಸನ್ನು ಹೊಸಿಲಿಗೇ ಬಿಟ್ಟರೆಂದೂ ಎರಡು ಅರ್ಥ ಹೊರಡುವುದು ಬಲು ಸೊಗಸು. ತಿಳಿದೇ ಇಟ್ಟರೋ ತಾನಾಗಿ ಕೂಡಿತೋ, ಕೇಳುವುದಿಲ್ಲ.

ಸಿದ್ದಾಪುರದಿಂದ

ನಾಪೋಕ್ಲಿನ ಹಿರಿಯರಿಗೆ ನಮಸ್ಕಾರ. ತಮ್ಮ ಪದ್ಯ ಮೆಚ್ಚಿಯೂ ಒಂದು ಮಾತು ಕೇಳಬೇಕೆನಿಸುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆಯಲ್ಲಿ ಬಾಳು ಸವೆಸಿದವರ ಸಾವಿಗೆ ಗುಂಡು ಹಾರಿಸುವವರು ಯಾರು? ನಾನು ಚಿಕ್ಕವನಿದ್ದಾಗ ನಮ್ಮ ಪಕ್ಕದ ತೋಟದಲ್ಲಿ, ಹಿಂದು ಮುಂದು ಯಾರೂ ಇಲ್ಲದ ಒಬ್ಬ ಮುದುಕಿ ತೀರಿಕೊಂಡಾಗ, ತೋಟದ ಧಣಿ ತನ್ನ ಕೋವಿಯನ್ನೇ ತಂದು ಎರಡು ಗುಂಡು ಹಾರಿಸಿದರು. ದೊಡ್ಡಮನೆಯಲ್ಲೇ ಏನೋ ಆಗಿದೆಯೆಂದು ಸುತ್ತಲಿನವರು ಓಡಿ ಬಂದರು. ವಿಷಯ ತಿಳಿದ ಮೇಲೆ ಇಬ್ಬರು ಮುಖ ಮುಖ ನೋಡಿಕೊಂಡದ್ದು ನಿಜ, ಆದರೆ ಮಣ್ಣು ಮುಚ್ಚುವವರೆಗೆ ಯಾರೂ ಹಿಂತಿರುಗಲಿಲ್ಲ.

ಗಂಡ ಮಕ್ಕಳ ಕಾಣದಾಕೆಯು
ಮಂಡೆ ಬಾಗಿಸಿ ಕಾಫಿ ಕೊಯ್ದಳು
ಕೆಂಡವಾರಿದ ಲೈನಿನೊಲೆಬದಿ ಮಲಗಿ ಕಣ್ಮುಚ್ಚೆ
ಕಂಡು ತೋಟದ ಧಣಿಯೆ ಕೋವಿಯ
ಕೊಂಡು ಬಂದನು ಮಳೆಯ ನಡುವೆಯೆ
ಗುಂಡು ಸಿಡಿದೊಡೆ ಮಂದಿ ಚದುರದೆ ಬಂದು ಸೇರಿದರು

ನಾಪೋಕ್ಲಿನಿಂದ

ನನ್ನ ಪದ್ಯದಲ್ಲಿ ಬಂದವರು ಆ ಮನೆಯಲ್ಲಿ ಉಂಡವರು, ಅವರಿಗೆ ಬರುವ ಋಣವಿತ್ತು. ನಿಮ್ಮವರಿಗೆ ಅದೂ ಇರಲಿಲ್ಲ. ಈ ಸಲ ನಾನು ಸೋತೆ, ಸಂತೋಷದಿಂದ.

ಸಂಚಾಲಕರು

ಷಟ್ಪದಿಯಲ್ಲಿ ‘ಲೈನು’ ಸಲ್ಲುವುದೇ ಎಂದು ಯಾರಾದರೂ ತಕರಾರು ತೆಗೆಯುವ ಮೊದಲೇ ಹೇಳುತ್ತೇನೆ, ಆ ಮನೆಗಳಿಗೆ ಕೊಡಗಿನಲ್ಲಿ ಬೇರೆ ಹೆಸರಿಲ್ಲ. ಸಿದ್ದಾಪುರದವರಲ್ಲಿ ಕೇಳುವುದು ಇಷ್ಟೇ: ‘ಕಾಣದಾಕೆಯು’ ಎನ್ನುವ ಬದಲು ಮುದುಕಿಯ ಹೆಸರನ್ನೇ ಇಡಬಹುದಿತ್ತಲ್ಲ?

ಸಿದ್ದಾಪುರದಿಂದ

ಅದು ಐದು ಮಾತ್ರೆಯ ಹೆಸರು, ಸಂಚಾಲಕರೇ. ಮೂರರ ಗಣಕ್ಕೆ ಹೆಚ್ಚಾಯಿತು, ನಾಲ್ಕರದಕ್ಕೂ ಹೆಚ್ಚಾಯಿತು. ಒಡೆದು ಕೂರಿಸಲು ಮನಸ್ಸಾಗಲಿಲ್ಲ. ಅಂದು ಅಂಗಳದಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರು ಆ ಹೆಸರನ್ನು ಮೊದಲ ಸಲ ಕೇಳುತ್ತಿದ್ದರು.