ಆ್ಯಪ್ ಸರ್ವರ್ ರಿಲೀಸ್ ನೋಟ್ಸ್ ಹೇಗೆ ಅಪ್‌ಡೇಟ್ ಮಾಡುತ್ತೀರಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ, ತುಮಕೂರಿನಿಂದ:

ಇಲ್ಲಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಟಾಮ್‌ಕ್ಯಾಟ್ (ಜಾವಾ ವೆಬ್ ಆ್ಯಪ್ ಓಡಿಸುವ ಸರ್ವರ್) ಮೇಲೆ ನಮ್ಮದೇ ಲಾಗಿನ್ ಮಾಡ್ಯೂಲ್, ರಿಪೋರ್ಟ್ ಲೈಬ್ರರಿ, ಒಂದಿಷ್ಟು ಸೆಟ್ಟಿಂಗ್ ಸೇರಿಸಿ ಪ್ಯಾಕೇಜ್ ಮಾಡಿ ಸೊಸೈಟಿ, ಕಾಲೇಜು, ಮಂಡಿಗಳಿಗೆ ಕೊಡುತ್ತೇವೆ. ಅದರ ರಿಲೀಸ್ ನೋಟ್ಸ್, ಅಂದರೆ ಪ್ರತಿ ವರ್ಷನ್‌ನಲ್ಲಿ ಏನು ಬದಲಾಯಿತು ಅನ್ನುವ ಟಿಪ್ಪಣಿ, ನೋಡಿಕೊಳ್ಳುವ ಕೆಲಸ ಈಗ ನನಗೆ ಬಂದಿದೆ. ಹಳೆಯ ಫೈಲ್ ತೆಗೆದು ನೋಡಿದರೆ ಪ್ರತಿ ವರ್ಷನ್ ಕೆಳಗೂ "ದೋಷ ಸರಿಪಡಿಸಲಾಗಿದೆ, ವೇಗ ಹೆಚ್ಚಿಸಲಾಗಿದೆ" ಅಂತ ಅದೇ ಮಾತು. ಗಿಟ್‌ನಲ್ಲಿ ಕಮಿಟ್‌ಗಳು (ಕೋಡ್‌ನ ಒಂದೊಂದು ಬದಲಾವಣೆಯ ದಾಖಲೆ) ರಾಶಿ ಬಿದ್ದಿವೆ. ಏನು ಬರೆಯಬೇಕು, ಏನು ಬಿಡಬೇಕು? ಟಾಮ್‌ಕ್ಯಾಟ್‌ನವರ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಹಾಗೇ ಅಂಟಿಸಿದರೆ ಸಾಕಾ?

ಕೋಲಾರದಿಂದ:

ಸಾಲದು ಸಾರ್. ಅದು ಟಾಮ್‌ಕ್ಯಾಟ್ ಒಳಗು ಬಲ್ಲವರಿಗೆ ಬರೆದಿರುವುದು. ನಿಮ್ಮ ನೋಟ್ಸ್ ಓದುವವರು ಯಾರು ಅಂತ ಮೊದಲು ನೋಡಿ. ನಮ್ಮ ಕಡೆ ಅದು ಮಂಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ. ಟೊಮೆಟೊ ಸೀಸನ್‌ನಲ್ಲಿ ಬೆಳಗ್ಗೆ ಹರಾಜು ಶುರುವಾಗುವಷ್ಟರಲ್ಲಿ ಸಿಸ್ಟಂ ರೆಡಿ ಇರಬೇಕು, ಹಾಗಾಗಿ ಅವನು ಅಪ್‌ಗ್ರೇಡ್ ಮಾಡುವುದು ರಾತ್ರಿ, ಅದೂ ಒಬ್ಬನೇ ಕೂತು. ಯಾವ ಸೆಟ್ಟಿಂಗ್ ಬದಲಾಯಿಸಬೇಕು, ಬದಲಾಯಿಸದಿದ್ದರೆ ಏನು ನಿಲ್ಲುತ್ತದೆ, ಎಲ್ಲ ಸರಿಯಾಗಿದೆ ಅಂತ ಹೇಗೆ ನೋಡಿಕೊಳ್ಳುವುದು, ಇಷ್ಟು ಅವನಿಗೆ ಸಿಗಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮಲ್ಲೇ ಆದದ್ದು ಹೇಳುತ್ತೇನೆ. 2025ರ ಜೂನ್‌ನಲ್ಲಿ ಟಾಮ್‌ಕ್ಯಾಟ್ 9.0.106, 10.1.42, 11.0.8 ಬಂದವು. ಅಪ್‌ಲೋಡ್ ಮೂಲಕ ಸರ್ವರ್‌ನ ಮೆಮೊರಿ ತುಂಬಿಸಿ ಬೀಳಿಸಬಹುದಾದ ಒಂದು ದೋಷ ಇತ್ತು, ಸಿವಿಇ-2025-48988 (ಸಿವಿಇ ಅಂದರೆ ಭದ್ರತಾ ದೋಷಗಳಿಗೆ ಕೊಡುವ ನಂಬರ್). ಅದನ್ನು ತಡೆಯಲು ಕನೆಕ್ಟರ್‌ಗೆ (ಹೊರಗಿನಿಂದ ಬರುವ ಕೋರಿಕೆ ತೆಗೆದುಕೊಳ್ಳುವ ಭಾಗ) ಮ್ಯಾಕ್ಸ್‌ಪಾರ್ಟ್‌ಕೌಂಟ್ ಅನ್ನುವ ಮಿತಿ ತಂದರು, ಡೀಫಾಲ್ಟ್, ಅಂದರೆ ನಾವೇನೂ ಕೊಡದಿದ್ದರೆ, 10. ಚೇಂಜ್‌ಲಾಗ್‌ನಲ್ಲಿ ಓದುವಾಗ ಏನೂ ಅನ್ನಿಸುವುದಿಲ್ಲ, ಒಂದೇ ಸಲ ಹತ್ತು ಫೈಲ್ ಯಾರು ಹಾಕುತ್ತಾರೆ ಅಂತ ಮುಂದಕ್ಕೆ ಹೋಗುತ್ತೇವೆ. ಆದರೆ ಮಲ್ಟಿಪಾರ್ಟ್ (ಫೈಲ್ ಅಪ್‌ಲೋಡ್ ಇರುವ) ಫಾರಂನಲ್ಲಿ ಫೈಲ್ ಮಾತ್ರ ಅಲ್ಲ, ಪ್ರತಿ ಫೀಲ್ಡ್ ಕೂಡ ಒಂದು ಪಾರ್ಟ್. ರೈತರ ನೋಂದಣಿ ಫಾರಂ ತೆಗೆದುಕೊಳ್ಳಿ. ಹೆಸರು, ತಂದೆ ಹೆಸರು, ಊರು, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ಫೋನ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಅದರ ಮೇಲೆ ಫೋಟೊ, ಪಹಣಿ, ಪಾಸ್‌ಬುಕ್. ಅಲ್ಲಿಗೇ ಹನ್ನೆರಡಾಯಿತು. ನಮ್ಮ ಕೋಡ್‌ನಲ್ಲಿ ಒಂದಕ್ಷರ ಬದಲಾಗಿಲ್ಲ, ಆದರೂ ಸೇವ್ ಒತ್ತಿದರೆ ಎರರ್. ಈ ತೊಂದರೆ ಬೇರೆ ಕಡೆಯವರಿಗೂ ಬಂತು, ಮುಂದಿನ ರಿಲೀಸ್‌ಗಳಲ್ಲಿ, ಅಂದರೆ 9.0.107, 10.1.43, 11.0.9ರಲ್ಲಿ, ಡೀಫಾಲ್ಟ್ ಅನ್ನು 50ಕ್ಕೆ ಏರಿಸಿದರು.

ಇದನ್ನು ನೋಟ್ಸ್‌ನಲ್ಲಿ "ಅಪ್‌ಲೋಡ್ ಭದ್ರತೆ ಸುಧಾರಿಸಲಾಗಿದೆ" ಅಂತ ಬರೆದರೂ ಸುಳ್ಳಲ್ಲ. ಆದರೆ ಆ ಹುಡುಗನಿಗೆ ಅದರಿಂದ ಏನು ಉಪಯೋಗ? ನಾವು ಬರೆದದ್ದು ಹೀಗೆ: "ಒಂದೇ ಫಾರಂನಲ್ಲಿ ಫೀಲ್ಡ್ ಮತ್ತು ಫೈಲ್ ಸೇರಿ 10ಕ್ಕಿಂತ ಜಾಸ್ತಿ ಇದ್ದರೆ ಫೋಟೊ ಹಾಕಿ ಸೇವ್ ಮಾಡಲು ಆಗುವುದಿಲ್ಲ. ಕಾನ್ಫ್ ಫೋಲ್ಡರ್‌ನಲ್ಲಿರುವ ಸರ್ವರ್.ಎಕ್ಸ್‌ಎಂಎಲ್ ತೆರೆಯಿರಿ. 8080 ಪೋರ್ಟ್ ಇರುವ ಕನೆಕ್ಟರ್‌ಗೆ ಮ್ಯಾಕ್ಸ್‌ಪಾರ್ಟ್‌ಕೌಂಟ್ 50 ಅಂತ ಸೇರಿಸಿ. ಸರ್ವಿಸ್ ರೀಸ್ಟಾರ್ಟ್ ಮಾಡಿ. ಒಂದು ನೋಂದಣಿ ಫಾರಂ ಫೋಟೊ ಸಮೇತ ಸೇವ್ ಮಾಡಿ ನೋಡಿ." ಉದ್ದ ಆಯಿತು, ಪರವಾಗಿಲ್ಲ. ಇದನ್ನು ಓದಿದವರು ಫೋನ್ ಮಾಡದೆ ಕೆಲಸ ಮುಗಿಸಿದರು.

ಹಾಗಾಗಿ ಡೀಫಾಲ್ಟ್ ಬದಲಾಗಿದ್ದರೆ ಅದು ಎಲ್ಲಕ್ಕಿಂತ ಮೇಲೆ ಬರಲಿ. ಹೊಸ ಫೀಚರ್ ಕೆಳಗಿದ್ದರೆ ಯಾರಿಗೂ ನಷ್ಟವಿಲ್ಲ. ಮೊದಲ ಅರ್ಧ ಪುಟ ಕನ್ನಡದಲ್ಲೇ ಇರಲಿ. ನಮ್ಮ ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಮಾತಾಡುವವರೂ ಕಚೇರಿಯಲ್ಲಿ ಕನ್ನಡ ಓದುತ್ತಾರೆ. ಇಂಗ್ಲಿಷ್‌ನಲ್ಲಿ ನಾಲ್ಕು ಪುಟ ಕೊಟ್ಟರೆ ಸುಮ್ನೆ ಪಕ್ಕಕ್ಕಿಡುತ್ತಾರೆ. ಸೆಟ್ಟಿಂಗ್ ಹೆಸರು ಮಾತ್ರ ಫೈಲ್‌ನಲ್ಲಿ ಇರುವಂತೆಯೇ ಕಾಪಿ ಮಾಡಿ ಹಾಕಿ, ಹುಡುಕಲು ಸುಲಭ.

ಚಿಕ್ಕಬಳ್ಳಾಪುರದಿಂದ:

ಏನು ಬರೆಯಬೇಕು ಅಂತ ಕೋಲಾರದವರು ಚೆನ್ನಾಗಿ ಹೇಳಿದ್ದಾರೆ. ಯಾವಾಗ ಬರೆಯಬೇಕು ಅನ್ನುವುದು ನನ್ನ ಪ್ರಕಾರ ಅಷ್ಟೇ ಮುಖ್ಯ. ರಿಲೀಸ್ ದಿನ ಕೂತು ಗಿಟ್ ಲಾಗ್ ನೋಡಿ ಬರೆಯುವ ಅಭ್ಯಾಸ ಬಿಡಿ. ಆ ಹೊತ್ತಿಗೆ ಯಾರು ಯಾಕೆ ಬದಲಾಯಿಸಿದರು ಅನ್ನುವುದು ಮರೆತು ಹೋಗಿರುತ್ತದೆ. "ಟೈಮ್‌ಔಟ್ ಸರಿ ಮಾಡಿದೆ" ಅನ್ನುವ ಕಮಿಟ್ ನೋಡಿ ನೀವೇನು ಬರೆಯುತ್ತೀರಿ?

ಟಾಮ್‌ಕ್ಯಾಟ್‌ನವರ ಕ್ರಮ ಇಲ್ಲಿ ಒಳ್ಳೆಯ ಮಾದರಿ. ಅವರ ಸೋರ್ಸ್‌ನಲ್ಲಿ ವೆಬ್‌ಆ್ಯಪ್ಸ್, ಅದರೊಳಗೆ ಡಾಕ್ಸ್, ಅದರಲ್ಲಿ ಚೇಂಜ್‌ಲಾಗ್.ಎಕ್ಸ್‌ಎಂಎಲ್ ಅಂತ ಒಂದು ಫೈಲ್ ಇದೆ. ಕೋಡ್ ಬದಲಾಯಿಸುವಾಗಲೇ ಅದರಲ್ಲಿ ಒಂದು ಸಾಲು ಸೇರಿಸುತ್ತಾರೆ. ಅದು ಫಿಕ್ಸಾ, ಆ್ಯಡಾ, ಅಪ್‌ಡೇಟಾ ಅಂತ ಟ್ಯಾಗ್ ಇರುತ್ತದೆ. ಕ್ಯಾಟಲೀನಾ, ಕೊಯೋಟಿ, ಜಾಸ್ಪರ್ ಅಂತ ಭಾಗವಾರು ಸೇರುತ್ತದೆ. ರಿಲೀಸ್-ನೋಟ್ಸ್ ಅನ್ನುವ ಫೈಲ್ ಬೇರೆಯೇ ಇದೆ. ಅದರಲ್ಲಿ ಯಾವ ಜಾವಾ ಬೇಕು, ಯಾವ ಎಪಿಐ ಜೊತೆಗಿದೆ, ಸಿಮ್‌ಲಿಂಕ್ (ಬೇರೆ ಕಡೆ ಇರುವ ಫೈಲ್‌ಗೆ ಕೊಂಡಿ) ಬಳಸುವವರು ಏನು ನೋಡಬೇಕು, ಇಂಥವು ಇರುತ್ತವೆ, ಅದು ರಿಲೀಸ್‌ನಿಂದ ರಿಲೀಸ್‌ಗೆ ಜಾಸ್ತಿ ಬದಲಾಗುವುದಿಲ್ಲ. ನೀವೂ ಎರಡನ್ನು ಬೇರೆ ಇಡಿ. ಎಲ್ಲ ಬದಲಾವಣೆಯ ಪಟ್ಟಿ ಒಂದು, ಗ್ರಾಹಕರು ಓದುವ ಒಂದು ಪುಟ ಇನ್ನೊಂದು. ಆ ಪುಟಕ್ಕೆ ಏನು ಬೇಕೋ ಅದನ್ನು ಪಟ್ಟಿಯಿಂದ ಆರಿಸಿಕೊಳ್ಳುತ್ತೀರಿ.

ನಮ್ಮ ಟೀಮಿನಲ್ಲಿ ಒಂದೇ ನಿಯಮ. ಕಾನ್ಫ್ ಫೋಲ್ಡರ್ ಮುಟ್ಟಿದ ಯಾವ ಬದಲಾವಣೆಯೂ ನೋಟ್ಸ್ ಸಾಲು ಇಲ್ಲದೆ ಮರ್ಜ್ ಆಗುವುದಿಲ್ಲ, ಅಂದರೆ ಮುಖ್ಯ ಕೋಡ್‌ಗೆ ಸೇರುವುದಿಲ್ಲ. ರಿಲೀಸ್‌ಗೆ ಮುಂಚೆ ಹಳೆಯ ಮತ್ತು ಹೊಸ ಟಾಮ್‌ಕ್ಯಾಟ್ ಜಿಪ್ ಎರಡನ್ನೂ ಬಿಚ್ಚಿ ಕಾನ್ಫ್ ಫೋಲ್ಡರ್‌ಗಳನ್ನು ಡಿಫ್ ಹಾಕಿ (ಸಾಲು ಸಾಲಾಗಿ ಹೋಲಿಸಿ) ನೋಡುತ್ತೇವೆ. ಸರ್ವರ್.ಎಕ್ಸ್‌ಎಂಎಲ್‌ನಲ್ಲಿ ಕಣ್ಣು ತಪ್ಪುವ ವ್ಯತ್ಯಾಸ ಅಲ್ಲಿ ಸಿಗುತ್ತದೆ. ಫೈಲ್‌ನಲ್ಲಿ ಕಾಣದ ಡೀಫಾಲ್ಟ್‌ಗಳೂ ಇರುತ್ತವೆ, ಅದಕ್ಕೆ ಚೇಂಜ್‌ಲಾಗ್ ಓದಲೇಬೇಕು, ಬೇರೆ ದಾರಿ ಇಲ್ಲ.

ಕೊನೆಯ ಅಂಕಿ ಒಂದು ಏರಿದರೆ ಸಣ್ಣ ಬದಲಾವಣೆ ಅಂದುಕೊಳ್ಳಬೇಡಿ. 2020ರ ಫೆಬ್ರವರಿಯಲ್ಲಿ ಘೋಸ್ಟ್‌ಕ್ಯಾಟ್ ಅನ್ನುವ ಭದ್ರತಾ ದೋಷಕ್ಕೆ ಟಾಮ್‌ಕ್ಯಾಟ್ 9.0.31 ಬಂತು. 9.0.30ರಿಂದ ಒಂದೇ ಹೆಜ್ಜೆ. ಆದರೆ ಎಜೆಪಿ ಕನೆಕ್ಟರ್ (ಅಪಾಚೆ ವೆಬ್ ಸರ್ವರ್ ಜೊತೆ ಮಾತಾಡುವ ಭಾಗ) ಸರ್ವರ್.ಎಕ್ಸ್‌ಎಂಎಲ್‌ನಲ್ಲಿ ಕಾಮೆಂಟ್ ಆಯಿತು, ಅಂದರೆ ಆಫ್ ಆಯಿತು, ಕೇಳುವುದು ಅದೇ ಮೆಷಿನ್‌ನ ಲೂಪ್‌ಬ್ಯಾಕ್ ವಿಳಾಸದಲ್ಲಿ ಮಾತ್ರ ಆಯಿತು, ಸೀಕ್ರೆಟ್ (ಗುಟ್ಟಿನ ಪದ) ಕೊಡದೆ ಕನೆಕ್ಟರ್ ಏಳದ ಹಾಗಾಯಿತು. ಟಾಮ್‌ಕ್ಯಾಟ್‌ಗೆ ಮುಂದೆ ಬೇರೆ ಮೆಷಿನ್‌ನಲ್ಲಿ ಅಪಾಚೆ ಇಟ್ಟುಕೊಂಡವರ ಸೈಟ್ ಪೂರ್ತಿ ನಿಂತಿತು. ಭದ್ರತೆಗೆ ಅದು ಬೇಕೇ ಇತ್ತು. ಆದರೆ ಇಂಥ ಮೂರು ಬದಲಾವಣೆಗೆ ನಿಮ್ಮ ನೋಟ್ಸ್‌ನಲ್ಲಿ ಮೂರು ಬೇರೆ ಸಾಲು ಇರಬೇಕು. ಒಂದನ್ನು ಸರಿ ಮಾಡಿ ಇನ್ನೊಂದನ್ನು ಬಿಟ್ಟರೂ ಸೈಟ್ ಬರುವುದಿಲ್ಲ, ಅಲ್ವಾ?

ತುಮಕೂರಿನಿಂದ, ಮತ್ತೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷಯ. ಮುಂದಿನ ರಿಲೀಸ್‌ನಲ್ಲಿ 9ರಿಂದ 10.1ಕ್ಕೆ ಹೋಗುತ್ತಿದ್ದೇವೆ. ಅದನ್ನು ಹೇಗೆ ಬರೆಯಲಿ? ಭದ್ರತೆ ವಿಷಯ ಎಷ್ಟು ಬಿಡಿಸಿ ಹೇಳಬೇಕು?

ತುಮಕೂರಿನ ಇನ್ನೊಬ್ಬರು:

ನಾನು ಇದೇ ಊರಿನಲ್ಲಿ ಕಾಲೇಜುಗಳ ಸರ್ವರ್ ನೋಡಿಕೊಳ್ಳುತ್ತೇನೆ, ಅಂದರೆ ನೋಟ್ಸ್ ಓದುವ ಕಡೆಯವನು. 10ಕ್ಕೆ ಹೋಗುವುದನ್ನು ಮಾಮೂಲಿ ಅಪ್‌ಗ್ರೇಡ್ ಜೊತೆ ಬೆರೆಸಬೇಡಿ, ಪ್ರತ್ಯೇಕ ಪುಟ ಮಾಡಿ. ಸರ್ವ್ಲೆಟ್, ಜೆಎಸ್‌ಪಿ (ಜಾವಾ ವೆಬ್ ಆ್ಯಪ್ ಕಟ್ಟುವ ಭಾಗಗಳು) ಪ್ಯಾಕೇಜ್‌ಗಳ ಹೆಸರು ಜಾವಾಎಕ್ಸ್‌ನಿಂದ ಜಕಾರ್ತಾಗೆ ಬದಲಾಗಿದೆ. ಹಳೆಯ ವಾರ್ ಫೈಲ್ (ಆ್ಯಪ್ ಪೂರ್ತಿ ಸೇರಿಸಿದ ಪ್ಯಾಕೇಜ್) ಹಾಗೇ ಹಾಕಿದರೆ ನಡೆಯುವುದಿಲ್ಲ. 9ಕ್ಕೆ ಜಾವಾ 8 ಸಾಕಿತ್ತು, 10.1ಕ್ಕೆ ಕನಿಷ್ಠ ಜಾವಾ 11 ಬೇಕು. ಇವೆರಡೂ ಮೊದಲ ಸಾಲುಗಳಲ್ಲಿ ಬರಲಿ. ಹಳೆಯ ವಾರ್ ಅನ್ನು ವೆಬ್‌ಆ್ಯಪ್ಸ್-ಜಾವಾಇಇ ಅನ್ನುವ ಫೋಲ್ಡರ್‌ನಲ್ಲಿಟ್ಟರೆ ಟಾಮ್‌ಕ್ಯಾಟ್ 10 ತಾನೇ ಪರಿವರ್ತಿಸಿ ವೆಬ್‌ಆ್ಯಪ್ಸ್‌ಗೆ ಹಾಕುತ್ತದೆ. ನಮ್ಮಂಥವರು ಸ್ವಂತ ಪುಟ್ಟ ಆ್ಯಪ್‌ಗಳನ್ನೂ ಅದೇ ಸರ್ವರ್‌ನಲ್ಲಿ ಓಡಿಸುತ್ತೇವೆ, ಸೋರ್ಸ್ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಈ ದಾರಿ ಇದೆ ಅಂತ ದಯವಿಟ್ಟು ಬರೆಯಿರಿ.

ಭದ್ರತೆ ವಿಷಯದಲ್ಲಿ ಅಪ್‌ಗ್ರೇಡ್ ಮಾಡಿದರೆ ಸಾಕಾ, ಇನ್ನೂ ಏನಾದರೂ ಮಾಡಬೇಕಾ ಅನ್ನುವುದೇ ನಮಗೆ ಬೇಕು. 2024ರ ಡಿಸೆಂಬರ್‌ನಲ್ಲಿ ಸಿವಿಇ-2024-50379 ಬಂತು, ವರ್ಷನ್ ಏರಿಸಿ ಅಂದರು. ಅದರ ಬೆನ್ನಿಗೇ ಸಿವಿಇ-2024-56337 ಬಂತು. ವಿಂಡೋಸ್‌ನಂತೆ ದೊಡ್ಡಕ್ಷರ, ಸಣ್ಣಕ್ಷರ ಒಂದೇ ಅನ್ನುವ ಕಡೆ ಡೀಫಾಲ್ಟ್ ಸರ್ವ್ಲೆಟ್‌ಗೆ (ಫೈಲ್‌ಗಳನ್ನು ಕೊಡುವ ಭಾಗ) ಬರೆಯುವ ಅನುಮತಿ ಕೊಟ್ಟಿದ್ದು, ಜಾವಾ 8 ಅಥವಾ 11 ಇದ್ದರೆ, ಸನ್.ಐಒ.ಯೂಸ್‌ಕ್ಯಾನನ್‌ಕ್ಯಾಶಸ್ ಅನ್ನುವ ಜಾವಾ ಸೆಟ್ಟಿಂಗ್ ಅನ್ನು ಫಾಲ್ಸ್ ಅಂತಲೂ ಆಗ ಕೊಡಬೇಕಿತ್ತು. ಬರೀ "ಸರಿಪಡಿಸಲಾಗಿದೆ" ಅಂತ ಬರೆದರೆ ನಾವು ನಂಬಿ ಕೂತುಬಿಡುತ್ತೇವೆ.

ಜಾರ್ (ಜಾವಾ ಲೈಬ್ರರಿ ಫೈಲ್) ಪಟ್ಟಿಯನ್ನೂ ವರ್ಷನ್ ಸಮೇತ ಕೊಡಿ. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ (ಲಾಗ್ ಬರೆಯುವ ಲಾಗ್4ಜೆ ಲೈಬ್ರರಿಯ ಭದ್ರತಾ ದೋಷ) ಗಲಾಟೆ ಎದ್ದಾಗ ಟಾಮ್‌ಕ್ಯಾಟ್ ಜೊತೆ ಲಾಗ್4ಜೆ ಬರುವುದಿಲ್ಲ, ಆದರೆ ಮೇಲೆ ಸೇರಿಸಿದ ರಿಪೋರ್ಟ್ ಲೈಬ್ರರಿಯಲ್ಲಿ ಇತ್ತಾ ಇಲ್ವಾ ಅಂತ ಎಷ್ಟೋ ಕಡೆ ಗೊತ್ತೇ ಇರಲಿಲ್ಲ. ಒಂದೇ ತಿಂಗಳಲ್ಲಿ ಲಾಗ್4ಜೆ 2.15, 2.16, 2.17 ಅಂತ ಬರುತ್ತಿದ್ದವು. ಪಟ್ಟಿ ಕೊಟ್ಟಿದ್ದವರ ಸರ್ವರ್ ಮೊದಲು ನೋಡಿ ಮುಗಿಸಿದೆ, ಕೊಡದವರದ್ದಕ್ಕೆ ಲಿಬ್ ಫೋಲ್ಡರ್ ಒಂದೊಂದೇ ಬಿಚ್ಚಿ ಹುಡುಕಬೇಕಾಯಿತು.

ಇನ್ನೊಂದು ಸಣ್ಣ ವಿಷಯ. ಮಧ್ಯೆ ಒಂದು ನಂಬರ್ ಬಿಟ್ಟು ಮುಂದಿನದನ್ನು ಕೊಟ್ಟಿದ್ದರೆ, ಬಿಟ್ಟ ನಂಬರ್ ಎದುರು "ಬಿಡುಗಡೆ ಆಗಿಲ್ಲ" ಅಂತ ಬರೆಯಿರಿ. ಟಾಮ್‌ಕ್ಯಾಟ್‌ನವರೂ ಹಾಗೇ ಬರೆಯುತ್ತಾರೆ. ಇಲ್ಲದಿದ್ದರೆ ನಮಗೊಂದು ಅಪ್‌ಡೇಟ್ ತಪ್ಪಿಹೋಯಿತು ಅಂತ ನಾವು ನಿಮಗೆ ಫೋನ್ ಮಾಡುತ್ತಲೇ ಇರುತ್ತೇವೆ.