ಬಟನ್ ಸ್ಟಾರ್ಟ್ ಗಾಡಿ ಚಾವಿ ಒಂದು ಕಳೀತು, ಇನ್ನೊಂದು ಕೈ ಕೊಡಾಕತ್ತೈತಿ. ಅನುಭವ ಇದ್ದವರು ಹೇಳ್ರಿ

ಕೇಳಿದವರು, ನವನಗರ, ಹುಬ್ಬಳ್ಳಿ:
ನಮಸ್ಕಾರ್ರಿ. ಎರಡು ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೆ, ಚಾವಿ ಕಿಸೆದಾಗ ಇಟ್ಟಕೊಂಡು ಬಟನ್ ಒತ್ತಿ ಚಾಲೂ ಮಾಡೂದು. ಎರಡು ಚಾವಿ ಕೊಟ್ಟಿದ್ರು. ಹೋದ ರವಿವಾರ ದುರ್ಗದ ಬೈಲಿನ ಗದ್ದಲದಾಗ ಒಂದು ಎಲ್ಲೋ ಬಿತ್ತು. ಗಿರ್ಮಿಟ್ ತಿಂದ ಅಂಗಡಿತನಾ ತಿರುಗಿ ಹೋಗಿ ಹುಡುಕಿದೆ, ಸಿಗಲಿಲ್ಲ. ಮಗ ಮನಿಯಿಂದ ಎರಡನೇದು ತಂದ. ಅದು ಒಮ್ಮೆ ಬಾಗಿಲಾ ತಗೀತೈತಿ, ಒಮ್ಮೆ ಇಲ್ಲ. ಗಾಡಿ ಮುಂದ ಕಾಲು ತಾಸು ನಿಂತ್ವಿ. ಬಿದ್ದ ಚಾವಿ ಸಿಕ್ಕವರು ಗಾಡಿ ಒಯ್ಯಬಹುದೇನು? ಹೊಸಾದು ಶೋರೂಮಿನಾಗ ಮಾಡಸೂದೋ, ಹೊರಗೋ? ಮತ್ತ ಮನಿಯೊಳಗಿನ ಚಾವಿ ಸಿಗ್ನಲ್ ಹಿಡದು ಹೊರಗಿನ ಗಾಡಿ ಒಯ್ತಾರಂತ ಅಳಿಯ ಅಂಜಸ್ಯಾನ. ಖರೇನ್ರಿ?

ಬೆಟಗೇರಿ, ಗದಗ:
ಅಣ್ಣಾರ, ಮೊದಲ ಎರಡನೇ ಚಾವಿ ಸೆಲ್ ನೋಡ್ರಿ. ಉಪಯೋಗಿಸದ ಸುಮ್ಮನ ಇಟ್ಟರೂ ಅದು ಇಳೀತೈತಿ. ಭಾಳ ಚಾವಿಗೆ ಸಿಆರ್2032 ಬರ್ತೈತಿ, ಕೆಲವಕ್ಕ ಸಿಆರ್2025. ಎರಡೂ 3 ವೋಲ್ಟ್, ಅಗಲಾನೂ ಒಂದ. ಆದ್ರ ಮೊದಲನೇದು 3.2 ಮಿಲಿಮೀಟರ್ ದಪ್ಪ, ಎರಡನೇದು 2.5. ಹಳೇ ಸೆಲ್ ನೋಡಿ ತರಬ್ಯಾಡ್ರಿ, ಚಾವಿ ಒಳಗ ಬರದ ನಂಬರ್ ನೋಡಿ ತರ್ರಿ.

ನಮ್ಮದು ಸೆಲ್ ಬದಲಿ ಮಾಡಿದ ಮ್ಯಾಲೂ ಬಟನ್ ಒತ್ತಿದ್ರ ಸುಮ್ಮನ ಕುಂತಿತ್ತು. ಗಡಿಯಾರದ ಅಂಗಡ್ಯಾಂವ ಬಿಚ್ಚಿ ನಮಗ ತೋರಿಸಿದ: ರಬ್ಬರ್ ಬಟನ್ ಕೆಳಗ ಕೆಂಪಗ ಹೆಪ್ಪುಗಟ್ಟಿದ ಕುಂಕುಮ! ಖಂಡೇಪೂಜಿಗೆ ಗಾಡಿ ಜೊತಿ ಚಾವಿಗೂ ಹಚ್ಚಿ, ಮ್ಯಾಲೆ ನೀರು ಚಿಮುಕಿಸಿದ್ವಿ. ಬ್ರಶ್ ಹಾಕಿ ತಿಕ್ಕಿ ಕೊಟ್ಟ, ಇವತ್ತಿನತನಾ ನಡದೈತಿ. ಈಗ ಪೂಜಿಗೆ ಚಾವಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಇಡ್ತೀವಿ. ನಮ್ಮತ್ತಿಯವರಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ.

ಇನ್ನೊಂದು ಮಾತು. ತಗದ ಹಳೇ ಸೆಲ್ ಹುಡುಗ್ರ ಕೈಗೆ ಸಿಗಬಾರದು. ನುಂಗಿದ್ರ ಅನ್ನನಾಳ ಎರಡು ತಾಸಿನಾಗ ಸುಡಬಹುದು. ಅನುಮಾನ ಬಂದ್ರೂ ಸೀದಾ ದವಾಖಾನಿಗೆ ಓಡಬೇಕು.

ಹಾವೇರಿ:
ನಂದು ಕಳೀಲಿಲ್ರಿ, ರೈಲು ಹತ್ತಿ ಹೋತು. ಮನಿಯವರನ್ನ ಬೆಂಗಳೂರು ಗಾಡಿ ಹತ್ತಿಸಾಕ ಹುಬ್ಬಳ್ಳಿ ಸ್ಟೇಶನ್ನಿಗೆ ಬಿಟ್ಟೆ. ಚಾವಿ ಅವರ ಪರ್ಸಿನಾಗ ಇತ್ತು. ಎಂಜಿನ್ ಬಂದ್ ಮಾಡಿರಲಿಲ್ಲ, ಹಂಗ ಹೊಂಟೆ. ಎದುರಿಗೆ ಏನೋ ಚಿತ್ರ ಬಂತು, ಟೀಂ ಟೀಂ ಅಂತು, ಬೆಲ್ಟಿಂದು ಅಂದಕೊಂಡೆ. ಚಾವಿ ದೂರ ಹೋತು ಅಂತ ಓಡೂ ಗಾಡಿ ಎಂಜಿನ್ ತಾನ ನಿಲ್ಲೂದಿಲ್ಲ. ನಡುರಸ್ತಾದಾಗ ನಿಂತ್ರ ಜೀವಕ್ಕ ಅಪಾಯ ಅಂತ ಹಂಗ ಮಾಡ್ಯಾರ. ಬಂಕಾಪುರ ಕ್ರಾಸಿನಾಗ ಚಾ ಕುಡಿಯಾಕ ಇಳದು ಬಂದ್ ಮಾಡಿದೆ ನೋಡ್ರಿ, ಅಲ್ಲಿಗೆ ಮುಗೀತು. ಎಷ್ಟು ಒತ್ತಿದ್ರೂ ಚಾಲೂ ಇಲ್ಲ.

ಪುಣ್ಯಾಕ್ಕ ಆ ರೈಲು ನಮ್ಮೂರ ಮ್ಯಾಲೆ ಹಾಯ್ದು ಹೋಗೂದು. ತಮ್ಮ ಹಾವೇರಿ ಪ್ಲಾಟ್‌ಫಾರ್ಮಿನಾಗ ನಿಂತು ಕಿಟಕ್ಯಾಗಿಂದ ಚಾವಿ ಇಸಗೊಂಡು ಬೈಕ್ ಮ್ಯಾಲೆ ತಂದ. ಬ್ಯಾರೆ ದಿಕ್ಕಿನ ರೈಲಾಗಿದ್ರ? ಟೀಂ ಟೀಂ ಅಂದಾಗ ಬಂದ್ ಮಾಡೂ ಮೊದಲ ಕಿಸೆ ಮುಟ್ಟಿ ನೋಡ್ರಿ.

ಕೇಶ್ವಾಪುರ, ಹುಬ್ಬಳ್ಳಿ:
ಮೊಬೈಲೂ ಚಾವೀನೂ ಒಂದ ಕಿಸೆದಾಗ ಇಡ್ತೀರೇನು? ಬ್ಯಾರೆ ಇಟ್ಟು ನೋಡ್ರಿ. ನಂದು ಅಷ್ಟಕ್ಕ ಸರಿ ಆತು.

ಸಪ್ತಾಪುರ, ಧಾರವಾಡ (ಗಾಡಿ ವೈರಿಂಗ್ ಕೆಲಸ):
ಸರ, ಸೆಲ್ ಪೂರಾ ಸತ್ತರೂ ಗಾಡಿ ಚಾಲೂ ಆಗ್ತೈತಿ. ಚಾವಿಯೊಳಗಿನ ಚಿಪ್ಪಿಗೆ ಸೆಲ್ ಬೇಕಾಗಿಲ್ಲ, ಗಾಡೀನ ಅದಕ್ಕ ಕರೆಂಟ್ ಕೊಡ್ತೈತಿ, ಆದ್ರ ಭಾಳ ಸಮೀಪ ಇರಬೇಕು. ಕೆಲವು ಗಾಡಿಯಾಗ ಚಾವೀನ ಸ್ಟಾರ್ಟ್ ಬಟನ್ನಿಗೇ ತಾಗಿಸಿ ಹಿಡೀಬೇಕು, ಕೆಲವುದರಾಗ ಇಡಾಕ ಬ್ಯಾರೆ ಜಾಗ ಇರ್ತೈತಿ, ಗಾಡಿ ಪುಸ್ತಕದಾಗ ಚಿತ್ರ ಐತಿ. ಬಾಗಿಲಾ ತಗಿಯಾಕ ಚಾವಿಯೊಳಗ ಲೋಹದ್ದು ಒಂದು ಸಣ್ಣ ಕೀಲಿಕೈ ಅಡಗಿರ್ತೈತಿ. ಡ್ರೈವರ್ ಬಾಗಿಲ ಹಿಡಿಕಿ ಹತ್ರ ತೂತು ಕಾಣವಲ್ದು ಅಂದ್ರ ಮ್ಯಾಲೆ ಮುಚ್ಚಳ ಇರ್ತೈತಿ. ಸ್ಕ್ರೂಡ್ರೈವರ್ ಹಾಕಿ ಬಣ್ಣ ಕೆರಕೊಂಡು ನಮ್ಮ ಕಡೆ ಬರೋರು ತಿಂಗಳಿಗೆ ಒಬ್ಬರಾದ್ರೂ ಇರ್ತಾರ. ಹಂಗ ತಗದ್ರ ಸೈರನ್ ಹೊಡಕೋಬಹುದು. ಗಾಬರಿ ಆಗಬ್ಯಾಡ್ರಿ, ಗಾಡಿ ಚಾಲೂ ಆದ ಕೂಡ್ಲೆ ಸುಮ್ಮನಾಗ್ತೈತಿ.

ಇನ್ನ ಕಳದದ್ದು. ‘ಹೊಸಾದು ಮಾಡಿಕೊಡ್ರಿ’ ಅಂದ್ರ ಅಷ್ಟ ಮಾಡಿ ಕಳಸ್ತಾರ. ‘ಕಳದ ಚಾವಿ ಗುರುತು ಗಾಡಿಯೊಳಗಿಂದ ಅಳಿಸ್ರಿ’ ಅಂತ ಬಾಯಿಬಿಟ್ಟು ಹೇಳಬೇಕು. ಭಾಳ ಗಾಡಿಯಾಗ ಎಲ್ಲಾ ಚಾವಿ ಒರಸಿ, ಮುಂದ ಇದ್ದವಷ್ಟ ಮತ್ತ ಬರಸ್ತಾರ. ಅದಕ್ಕ ಮನ್ಯಾಗಿದ್ದವು ಎಲ್ಲಾ ಒಯ್ಯಿರಿ, ಒಂದು ಮರತ್ರ ಅದೂ ಸತ್ತಂಗ. ಆರ್‌ಸಿ, ಗುರುತಿನ ಚೀಟಿನೂ ಇರಲಿ. ಎಷ್ಟು ಚಾವಿ ನೋಂದಾಗ್ಯಾವ ಅಂತ ಸ್ಕ್ಯಾನರ್ ಪರದೆ ಮ್ಯಾಲೆ ತೋರಸ್ರಿ ಅಂತ ಕೇಳ್ರಿ. ಗಾಡಿ ಬ್ಯಾಟ್ರಿ ವೀಕ್ ಇದ್ರ ಕೆಲಸ ನಡುವ ಕೆಡತೈತಿ, ಅದನ್ನೂ ಮೊದಲ ಹೇಳಿಬಿಡ್ರಿ.

ಯಾರೂ ಹೇಳದ ಮಾತಂದ್ರ, ಅಳಿಸಿದ ಚಾವಿಯಿಂದ ಎಂಜಿನ್ ಚಾಲೂ ಆಗೂದಿಲ್ಲ, ಖರೆ. ಒಳಗಿನ ಲೋಹದ ಕೀಲಿಕೈ ಮಾತ್ರ ಬಾಗಿಲಾ ತಗದ ತಗೀತೈತಿ. ಗಾಡ್ಯಾಗ ರೊಕ್ಕ, ಕಾಗದಪತ್ರ ಇಡಬ್ಯಾಡ್ರಿ.

ಹೊರಗ ಮಾಡೂ ನಾನ ಹೇಳ್ತೀನಿ: ಒಂದು ಚಾವಿ ಕೈಯಾಗಿದ್ರ ಹೊರಗ ಅಗ್ಗ, ಲಗೂನ ಆಗ್ತೈತಿ. ಎರಡೂ ಹೋದ್ರ ಶೋರೂಮಿಗೆ ಹೋಗ್ರಿ. ಮತ್ತ ಬ್ಯಾರೆ ಗಾಡಿಯ ಹಳೇ ಚಾವಿ ಅಗ್ಗಕ್ಕ ಸಿಕ್ತು ಅಂತ ತರಬ್ಯಾಡ್ರಿ, ಭಾಳಷ್ಟು ಮತ್ತೊಂದು ಗಾಡಿಗೆ ಬರಿಯಾಕ ಬರೂದಿಲ್ಲ.

ವಿದ್ಯಾನಗರ, ಹುಬ್ಬಳ್ಳಿ (ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ):
ನಿಮ್ಮ ಅಳಿಯಂದಿರು ಹೇಳಿದ್ದು ನಿಜ. ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ‘ಯಾರಿದ್ದೀರಿ’ ಅಂತ ಕೂಗುತ್ತದೆ, ಆ ಕೂಗು ಒಂದೆರಡು ಮೀಟರಿಗೆ ಮುಗಿಯುತ್ತದೆ. ಚಾವಿ ಬೇರೆ ತರಂಗದಲ್ಲಿ, ಹೆಚ್ಚಾಗಿ 433 ಮೆಗಾಹರ್ಟ್ಸ್‌ನಲ್ಲಿ, ಓಗೊಡುತ್ತದೆ. ಕಳ್ಳರು ಇಬ್ಬರು. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ನಿಮ್ಮ ಬಾಗಿಲ ಹತ್ತಿರ. ಗುಟ್ಟಿನ ಸಂಕೇತವನ್ನು ಒಡೆಯುವ ಗೋಜಿಗೇ ಹೋಗುವುದಿಲ್ಲ, ಕೂಗನ್ನು ಅಲ್ಲಿಂದ ಇಲ್ಲಿಗೆ ದಾಟಿಸುತ್ತಾರೆ ಅಷ್ಟೆ. 2011ರಲ್ಲೇ ಜ್ಯೂರಿಕ್‌ನ ಸಂಶೋಧಕರು 8 ಕಂಪನಿಗಳ 10 ಮಾಡೆಲ್ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಈಚಿನ ಕೆಲವು ಚಾವಿಗಳು ಅಲುಗಾಡದೆ ಇದ್ದರೆ ತಾವೇ ನಿದ್ದೆಗೆ ಹೋಗುತ್ತವೆ.

ಈ ಕೂಗು ತಡೆಯಲು ಚಾವಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟರೆ ಸಾಕು ಅನ್ನುತ್ತಾರೆ, ಪರೀಕ್ಷಿಸದೆ ನಂಬಬೇಡಿ. ಚಾವಿ ಹಾಕಿದ ಡಬ್ಬಿಯನ್ನು ಕಾರಿನ ಬಾಗಿಲಿಗೇ ತಾಗಿಸಿ ಹಿಡಿಕೆ ಎಳೆಯಿರಿ, ಬಾಗಿಲು ತೆರೆದರೆ ಡಬ್ಬಿ ಫೇಲು. ನಮ್ಮನೆಯ ಅವಲಕ್ಕಿ ಡಬ್ಬಿ ಫೇಲಾಯಿತು, ಮುಚ್ಚಳ ಸಡಿಲ. ಬಿಗಿ ಮುಚ್ಚಳದ ಚಹಾಪುಡಿ ಡಬ್ಬಿ ಪಾಸಾಯಿತು. ಆದರೆ ನಮ್ಮ ಓಣಿಯಲ್ಲಿ ಎಷ್ಟು ಮನೆಯ ಚಾವಿ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತವೆ ನೋಡಿದ್ದೀರಾ? ಅದಕ್ಕೆ ಯಾವ ತರಂಗವೂ ಬೇಡ.

ಗಾಂಧಿ ಸರ್ಕಲ್ ಹತ್ರ, ಗದಗ (ವಿಮೆ ಏಜೆಂಟ್):
ಪೊಲೀಸರ ಕಡೆ ಕಳದದ್ದರ ವರದಿ ಮಾಡಿಸಿ ನಕಲು ಇಟ್ಟಕೊಳ್ರಿ, ವಿಮಾ ಕಂಪನಿಗೂ ತಿಳಸ್ರಿ. ನಾಳೆ ಗಾಡಿ ಕಳುವಾದ್ರ ಎರಡೂ ಚಾವಿ ತಾ ಅಂತ ಕೇಳ್ತಾರ. ಹೊಸ ಚಾವಿ ಖರ್ಚು ಸಾದಾ ಪಾಲಿಸಿಯಾಗ ಬರೂದಿಲ್ಲ, ಅದಕ್ಕ ಬ್ಯಾರೆ ಆ್ಯಡ್-ಆನ್ ತಗೊಂಡಿರಬೇಕು.

ಕೇಳಿದವರು, ನವನಗರ:
ಎಲ್ಲಾರಿಗೂ ಶರಣು. ಬೆಟಗೇರಿ ಅಕ್ಕಾರ ಮಾತು ಖರೆ ಆತು. ಚಾವಿಯೊಳಗ 2032 ಅಂತ ಬರದೈತಿ, ಇದ್ದದ್ದು 2025! ಹೋದ ವರ್ಷ ಮಗ ಹಾಕಿಸಿದ್ದಂತ, ಒಳಗ ಅಲುಗಾಡತಿತ್ತು. ಸರಿಯಾದ್ದು ಹಾಕಿದ ಮ್ಯಾಲೆ ಒಮ್ಮೆಯೂ ತಪ್ಪಿಲ್ಲ.

ಹೊಸಾದು ಶೋರೂಮಿನಾಗ ಮಾಡಿಸಿದೆ, 14,000ರ ಮ್ಯಾಲೆ ಆತು. ಸಪ್ತಾಪುರದವರು ಹೇಳಿದಂಗ ಪರದೆ ತೋರಸ್ರಿ ಅಂದೆ. ಅಳಿಸೂ ಮೊದಲ ನೋಂದಾದ ಚಾವಿ: 3. ನನ್ನ ಕೈಗೆ ಬಂದಿದ್ದು ಎರಡ. ಮಾರಿದವರಿಗೆ ಫೋನ್ ಹಚ್ಚಿದೆ, ‘ನಮಗೂ ಎರಡ ಕೊಟ್ಟಿದ್ರು’ ಅಂದ್ರು. ಎರಡು ವರ್ಷ ದುರ್ಗದ ಬೈಲಿಗೂ ಧಾರವಾಡಕ್ಕೂ ಅಡ್ಡಾಡಿದ ಗಾಡಿಗೆ ಯಾರ ಮನಿ ಮೊಳಿಗೆ ಇನ್ನೊಂದು ಚಾವಿ ನೇತಾಡತಿತ್ತೋ. ಬಾಗಿಲದ ಲಾಕ್ ಬದಲಿ ಮಾಡಾಕ ಬರ್ತೈತೇನ್ರಿ?

ಸಪ್ತಾಪುರ, ಧಾರವಾಡ:
ಬರ್ತೈತ್ರಿ ಸರ. ಬುಧವಾರ ಗಾಡಿ ತಗೊಂಡು ಬರ್ರಿ. ಚಾವಿ ಎರಡೂ ತರ್ರಿ.